ಹಲಗೆಯ ಸದ್ದು

ಮೂರ್ನಾಡು
೯ ಮಾರ್ಚ್ ೨೦೨೫

ತುಳಸಿಗೆ,

ನಿದ್ದೆ ಬಾರದ ಬೆಳ್ಯಪ್ಪ ಮಾಸ್ಟರನ ಆಶೀರ್ವಾದ.

ರಾತ್ರಿ ಎಷ್ಟಾಗಿದೆ ಎಂದು ಕೇಳಬೇಡ. ಬೆಳ್ಳಮ್ಮ ಒಂದು ನಿದ್ದೆ ಮುಗಿಸಿ, ಎದ್ದು ನೀರು ಕುಡಿದು, "ಇನ್ನೂ ಕೂತಿದ್ದೀರಾ? ಮೈದಾನಕ್ಕೆ ಕಾವಲಾ?" ಎಂದು ಬೈದು ಎರಡನೆಯ ನಿದ್ದೆಗೆ ಹೋಗಿದ್ದಾಳೆ. ನಿವೃತ್ತಿಯಾದ ಪಿ.ಟಿ. ಮಾಸ್ಟರನಿಗೆ ನಿದ್ದೆಯಾದರೂ ಯಾಕೆ ಬರಬೇಕು ಹೇಳು. ಆಗ ನಿಮ್ಮನ್ನೆಲ್ಲ ಓಡಿಸಿ, ಹಿಂದೆ ನಾನೂ ಓಡಿ, ಸಂಜೆ ಹಾಸಿಗೆ ಕಂಡರೆ ಸಾಕಿತ್ತು. ಈಗ ಕಾಲು ದಣಿಯುವುದಿಲ್ಲ. ತಲೆ ಮಾತ್ರ ರೌಂಡು ಹೊಡೆಯುತ್ತಾ ಇರುತ್ತದೆ.

ಸಂಜೆ ಟಿವಿಯಲ್ಲಿ ಕ್ರಿಕೆಟ್ ಕೇಳಿದೆ. ಅದೇನು ಆಟವೋ! ಒಬ್ಬ ಎಸೆಯುವವರೆಗೆ ಉಳಿದವರೆಲ್ಲ ಮದುವೆಮನೆಗೆ ಬಂದವರ ಹಾಗೆ ಅಲ್ಲಲ್ಲಿ ನಿಂತಿರುತ್ತಾರಂತೆ. ಹಾಕಿಯಲ್ಲಿ ಹಾಗೆ ನಿಂತರೆ ಚೆಂಡು ಮೊಣಕಾಲಿನ ವಿಚಾರಣೆಗೆ ಬಂದಿರುತ್ತದೆ. ಬೈಯುತ್ತಲೇ ಕೊನೆಯವರೆಗೂ ಕೇಳಿದೆ. ಮನೆಯಲ್ಲಿ ಒಂದಿಷ್ಟು ಸದ್ದು ಬೇಕಲ್ಲ.

ನಮ್ಮ ರಜೆ ಕಪ್ ಮೇ ತಿಂಗಳಲ್ಲಿ. ಮೂರು ಬೇಸಿಗೆಯಿಂದ ನೀನು ಈ ಕಡೆ ತಲೆ ಹಾಕಿಲ್ಲ, ಮರೆತಿರಬಹುದು, ನೆನಪು ಮಾಡುತ್ತೇನೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ರಜೆಗೆ ತವರಿಗೆ ಬಂದು ತವರೂರಿನ ಹೆಸರಲ್ಲಿ ಸ್ಟಿಕ್ ಹಿಡಿಯುವ ಕಪ್ ಇದು. ಗಂಡಂದಿರು ಗೆರೆಯಾಚೆ ಕೂಸು ಎತ್ತಿಕೊಂಡು ನಿಂತು, ಹೆಂಡತಿ ಬಿದ್ದರೆ ಕೂಸಿನ ಜೊತೆ ತಾವೂ ಅಳುವ ಕಪ್. ಈ ಕಪ್ ಶುರುವಾದಾಗಿನಿಂದ ವಿಶಲ್ ನನ್ನದು. ಈ ಸಲವೂ ನನ್ನದೇ. ಇನ್ನೊಂದು ತುದಿಗೆ ಅಂಪೈರ್ ಯಾರು ಎಂದು ಕಮಿಟಿಯವರು ಇನ್ನೂ ಹೇಳಿಲ್ಲ. ಕಾರ್ಯದರ್ಶಿ ತೀರ್ಥಪ್ರಸಾದ್ ಈಚೆಗೆ ಎದುರು ಸಿಕ್ಕಿದರೆ ಮಾತು ನುಂಗುತ್ತಾನೆ. ಅವನೂ ನನ್ನ ಕೈಯಲ್ಲಿ ರೌಂಡು ಹೊಡೆದವನೇ. ಅವನಿಗೇನಾಗಿದೆಯೋ!

ಫೋನ್ ಮಾಡಿ ಎಂದು ನೀನು ಬರೆದಿದ್ದೆ. ಮಾಡುವುದಿಲ್ಲ. ಮೊಬೈಲಿನಲ್ಲಿ ಮನುಷ್ಯ ಅರ್ಧ ಸುಳ್ಳು ಹೇಳುತ್ತಾನೆ, ಪತ್ರದಲ್ಲಿ ಕಾಲು ಭಾಗ. ನೀನು ಹದಿಮೂರಕ್ಕೆ ಮಡಿಕೇರಿ ಹಾಸ್ಟೆಲಿಗೆ ಹೋದಾಗ ಹಾಕಿದ ಕಾನೂನು ಇಂದಿಗೂ ಜಾರಿಯಲ್ಲಿದೆ. ಉತ್ತರ ಬರೆಯದಿದ್ದರೆ ಸ್ಟಿಕ್ ಕಿತ್ತುಕೊಳ್ಳುತ್ತೇನೆ.

ಈ ರಜೆಗಾದರೂ ಬಾ.

ಬೆಳ್ಯಪ್ಪ


ಕಲಬುರಗಿ
೨೧ ಮಾರ್ಚ್ ೨೦೨೫

ಸರ್, ನಮಸ್ಕಾರ.

ನಿಮ್ಮ ಕಾನೂನಿಗೆ ಹೆದರಿ ಬರೆಯುತ್ತಿದ್ದೇನೆ. ಇಲ್ಲಿ ಕೋಚ್ ಎಂದು ಎಲ್ಲರೂ ನನಗೆ ಹೆದರುತ್ತಾರೆ, ನಾನು ಒಂದು ನೀಲಿ ಅಂತರ್ದೇಶಿಗೆ ಹೆದರುತ್ತೇನೆ ಎಂದು ಹುಡುಗಿಯರಿಗೆ ಗೊತ್ತಾದರೆ ಮಾನ ಹೋಗುತ್ತದೆ.

ಈ ಊರಿನಲ್ಲಿ ಬಿಸಿಲು ಸೂರ್ಯ ಮುಳುಗಿದ ಮೇಲೂ ಹೋಗುವುದಿಲ್ಲ, ಗೋಡೆಯೊಳಗೆ ಕೂತಿರುತ್ತದೆ. ಹಾಸ್ಟೆಲಿನ ಹುಡುಗಿಯರೆಲ್ಲ ತಾರಸಿಯಲ್ಲಿ ಸಾಲಾಗಿ ಮಲಗುತ್ತಾರೆ, ತುದಿಯಲ್ಲಿ ನಾನು. ಅವರು ತಲೆ ಇಟ್ಟ ಕೂಡಲೇ ಗೊರಕೆ. ನನಗೆ ಕಣ್ಣು ಮುಚ್ಚಿದರೆ ಯಾರೋ ಗೋಲಿನ ಮುಂದಿನ ಡಿ ಗೆರೆಯೊಳಗೆ ನುಗ್ಗಿ ಬರುತ್ತಾರೆ, ಎದ್ದು ಕೂರುತ್ತೇನೆ. ಆಟ ಬಿಟ್ಟು ಇಷ್ಟು ವರ್ಷವಾದರೂ ಗೋಲ್‌ಕೀಪರಿಗೆ ರಜೆ ಇಲ್ಲ ಸರ್. ಕೆಲವು ರಾತ್ರಿ ಕೆಳಗಿಳಿದು ಖಾಲಿ ಮೈದಾನದಲ್ಲಿ ಸುಮ್ಮನೆ ನಡೆಯುತ್ತೇನೆ. ವಾಚ್‌ಮನ್ ದೇವರಾಜು ನನ್ನನ್ನು ಕಂಡು ಮೊದಲ ದಿನ ದೆವ್ವ ಎಂದುಕೊಂಡನಂತೆ.

ಊರಿಗೆ ಯಾಕೆ ಬರುವುದಿಲ್ಲ ಎಂದು ನಿಮಗೆ ಗೊತ್ತು. ನೆಲ್ಯಹುದಿಕೇರಿಯಲ್ಲಿ ಬಸ್ಸಿಳಿದು ಮನೆಗೆ ತಲುಪುವಷ್ಟರಲ್ಲಿ ನನ್ನ ಮದುವೆಯನ್ನು ಐದಾರು ಮಂದಿ ವಿಚಾರಿಸಿರುತ್ತಾರೆ. ಅಮ್ಮ ಏನೂ ಕೇಳುವುದಿಲ್ಲ, ಸುಮ್ಮನೆ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾಳೆ. ಇದು ಅದಕ್ಕಿಂತ ಕಷ್ಟ.

ಒಂದು ಮಾತು. ನಿಮ್ಮ ಪತ್ರದ ಸಾಲುಗಳು ಈ ಸಲ ಒಂದರ ಮೇಲೊಂದು ಹತ್ತಿವೆ. ಎರಡು ಕಡೆ ಬರೆದದ್ದರ ಮೇಲೆಯೇ ಮತ್ತೆ ಬರೆದಿದ್ದೀರಿ. ಕರೆಂಟ್ ಹೋಗಿತ್ತೇ?

ಬೆಳ್ಳಮ್ಮ ಆಂಟಿಗೆ ನಮಸ್ಕಾರ. ಅವರ ಕಡಂಬುಟ್ಟು ನೆನೆದರೆ ಇಲ್ಲಿನ ಊಟ ಗಂಟಲಲ್ಲಿ ಇಳಿಯುವುದಿಲ್ಲ.

ತುಳಸಿ


ಮೂರ್ನಾಡು
೨ ಏಪ್ರಿಲ್ ೨೦೨೫

ತುಳಸಿಗೆ,

ಹೌದು, ಕರೆಂಟ್ ಹೋಗಿತ್ತು. ಕಾಫಿಯ ಹೂಮಳೆ ಬಿದ್ದ ದಿನದಿಂದ ಲೈನು ಸರಿಯಿಲ್ಲ. ನಿನ್ನ ಕಾಗುಣಿತಕ್ಕೆ ನಾನು ಎಂದಾದರೂ ತಕರಾರು ಮಾಡಿದ್ದೇನಾ? ನನ್ನ ಸಾಲಿನ ಗೊಡವೆ ನಿನಗೆ ಬೇಡ.

ಹೊಸ ಬಿಳಿ ಪ್ಯಾಂಟು ಹೊಲಿಸಿದ್ದೇನೆ. ಟೈಲರ್ ಸೊಂಟದ ಅಳತೆ ತೆಗೆದು, "ಮಾಸ್ಟ್ರೇ, ಹೋದ ವರ್ಷದ್ದೇ ಅಳತೆ" ಎಂದ. ಊರಿನಲ್ಲಿ ಒಬ್ಬನಾದರೂ ಒಳ್ಳೆಯ ಮಾತು ಆಡಿದ. ಮಿಕ್ಕವರ ಮಾತು ಕೇಳು. ಹೋದ ವರ್ಷ ಸೆಮಿಫೈನಲ್‌ನಲ್ಲಿ ಗೆರೆಯಾಚೆ ನಿಂತ ಧರ್ಮೇಶ್, ಅದೇ ಕುಶಾಲನಗರದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನು, "ಮಾಸ್ಟ್ರೇ, ಚೆಂಡು ಆ ಕಡೆ ಐತೆ, ಎತ್ಲಾಗ್ ನೋಡ್ತಿದೀರಿ?" ಎಂದು ಕಿರುಚಿದ್ದ. ಎಲ್ಲರೂ ನಕ್ಕರು. ನಾನು ಆಟ ನಿಲ್ಲಿಸಿ ಅವನನ್ನು ರಸ್ತೆಯವರೆಗೆ ಕಳಿಸಿಬಂದೆ. ನಗು ನಿಂತಿತು.

ಅವರಿಗೆ ಏನು ಗೊತ್ತು? ಹಾಕಿಯನ್ನು ಕಣ್ಣಿನಲ್ಲಿ ನೋಡುವವನು ಅರ್ಧ ಅಂಪೈರ್. ಚೆಂಡು ಸ್ಟಿಕ್ಕಿಗೆ ಬಡಿದರೆ ಒಂದು ಸದ್ದು, ಕಾಲಿಗೆ ತಾಗಿದರೆ ಇನ್ನೊಂದು, ಕೀಪರಿನ ಪ್ಯಾಡಿಗೆ ಬಿದ್ದರೆ ಹಾಸಿಗೆ ಕೊಡವಿದ ಹಾಗೆ. ಗೋಲಿನ ಬುಡಕ್ಕೆ ಸುತ್ತ ಹಾಕಿದ ಹಲಗೆಗೆ ಒಳಗಿನಿಂದ ಬಡಿದರೆ 'ಧಡ್' ಎಂದು ದಪ್ಪ ಸದ್ದು. ಅದೇ ಹಲಗೆಗೆ ಹೊರಗಿನಿಂದ ತಾಗಿದರೆ 'ಟಕ್' ಎಂದು ತೆಳು, ಖಾಲಿ ಡಬ್ಬ ಬಡಿದ ಹಾಗೆ. ಇದು ಯಾವ ಪುಸ್ತಕದಲ್ಲೂ ಇಲ್ಲ. ನಿನಗೂ ನಾನು ಹೇಳಿಕೊಟ್ಟದ್ದು ನೆನಪಿದೆಯಾ? ಕಣ್ಣಿಗೆ ಬಟ್ಟೆ ಕಟ್ಟಿ ಗೋಲಿನಲ್ಲಿ ನಿಲ್ಲಿಸಿದ್ದೆ. ನೀನು ಅತ್ತೆ, ಆಮೇಲೆ ಎಲ್ಲ ಚೆಂಡೂ ತಡೆದೆ.

ರಾತ್ರಿ ಯೋಚನೆ ಬರುತ್ತದೆ. ವಿಶಲ್ ಇಲ್ಲದ ಮೇ ತಿಂಗಳಲ್ಲಿ ನಾನು ಏನು ಮಾಡುತ್ತೇನೆ? ಜಗಲಿಯಲ್ಲಿ ಕೂತು ದೂರದಿಂದ ಗಲಾಟೆ ಕೇಳುತ್ತೇನಾ? ಹಾಗೆ ಯೋಚಿಸಿದ ರಾತ್ರಿ ಎದ್ದು ವಿಶಲ್ ಹುಡುಕಿ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತೇನೆ. ನಗಬೇಡ.

ಬರುತ್ತೀಯಾ ಇಲ್ಲವಾ? ಈ ಪ್ರಶ್ನೆಗೆ ನೀನು ಉತ್ತರವನ್ನೇ ಬರೆದಿಲ್ಲ.

ಬೆಳ್ಯಪ್ಪ


ಕಲಬುರಗಿ
೮ ಏಪ್ರಿಲ್ ೨೦೨೫

ಸರ್,

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ತಾರಸಿಯಲ್ಲಿ ಹೊರಳಿ ಹೊರಳಿ ಸಾಕಾಯಿತು. ಕೆಳಗೆ ಬಂದು ಆಫೀಸಿನ ದೀಪ ಹಾಕಿಕೊಂಡಿದ್ದೇನೆ.

ತೀರ್ಥಪ್ರಸಾದ್ ಫೋನ್ ಮಾಡಿದ್ದ. ಮೊದಲು ಹವೆ, ಆಮೇಲೆ ಕಾಫಿ ರೇಟು, ಆಮೇಲೆ ವಿಷಯ. "ಮಾಸ್ಟ್ರಿಗೆ ಕಣ್ಣು ಕಾಣೂದಿಲ್ಲ ಮಾರಾಯ್ತಿ. ಎರಡು ವರ್ಷ ಆತು. ನಾವು ಗೊತ್ತಿಲ್ಲದ ಹಾಂಗೆ ಇದ್ದೇವೆ, ಅವರೂ ಗೊತ್ತಿಲ್ಲದ ಹಾಂಗೆ ಇದ್ದಾರೆ. ಈ ಸಲ ಆಡೋರೇ ಬೇಡ ಹೇಳ್ತಿದ್ದಾರೆ. ಆದ್ರೆ ಅವರ ಕೈಂದ ವಿಶಲ್ ಕೇಳ್ಲಿಕ್ಕೆ ಯಾರಿಗೆ ಧೈರ್ಯ ಉಂಟು?" ಎಂದ. ಅವನೇ ಮುಂದುವರಿಸಿದ. "ನೀ ಬಾ. ಇನ್ನೊಂದು ತುದಿಗೆ ನೀ ನಿಲ್ಲು. ಅವರದ್ದು ತಪ್ಪಿದ್ರೆ ನೀ ಸರಿ ಮಾಡು, ಅವರಿಗೆ ಗೊತ್ತಾಗ್ದ ಹಾಂಗೆ. ಇಲ್ಲಾಂದ್ರೆ ನೀನೇ ಹೇಳು ಅವರಿಗೆ, ಈ ವರ್ಷ ಬೇಡ ಅಂತ. ನಿನ್ನ ಮಾತು ಕೇಳ್ತಾರೆ."

ಕರೆಂಟ್ ಹೋಗಿರಲಿಲ್ಲ, ಅಲ್ಲವೇ ಸರ್?

ನೀವು ಟಿವಿಯಲ್ಲಿ ಕ್ರಿಕೆಟ್ 'ಕೇಳಿದೆ' ಎಂದು ಬರೆದಾಗ ನಾನು ನಕ್ಕಿದ್ದೆ. ಮೊಬೈಲ್ ಬೇಡ ಎಂದಾಗಲೂ ನಿಮ್ಮ ಹಟ ಎಂದುಕೊಂಡೆ. ಈಗ ಹಳೆಯ ಪತ್ರಗಳನ್ನೆಲ್ಲ ತೆಗೆದು ನೋಡಿದೆ. ಸಾಲು ಜಾರಲು ಶುರುವಾಗಿ ಎರಡು ವರ್ಷವೇ ಆಗಿದೆ. ನಾನು ಊರಿಗೆ ಬಾರದ ವರ್ಷಗಳು.

ನಿಮಗೆ ಹೇಳಬೇಕು. ಹೇಳಿದರೆ ನೀವು ವಿಶಲ್ ಬಿಡುತ್ತೀರಿ, ನನಗೆ ಪತ್ರ ಬರೆಯುವುದನ್ನೂ ಬಿಡುತ್ತೀರಿ. ಹೇಳದಿದ್ದರೆ ಊರಿನ ಮುಂದೆ ಯಾರಾದರೂ ನಿಮ್ಮ ಕೈಯಿಂದ ಅದನ್ನು ಕಿತ್ತುಕೊಳ್ಳುತ್ತಾರೆ. ನನಗೆ ಹೆದರಿಕೆಯಾಗುತ್ತಿದೆ. ನಿಮ್ಮನ್ನು ಕಂಡರೆ ಎಂದೂ ಹೆದರಿದವಳಲ್ಲ, ನಿಮಗಾಗಿ ಹೆದರುವುದು ಇದೇ ಮೊದಲು.

ದೇವರಾಜು ಬಾಗಿಲಲ್ಲಿ ನಿಂತು, "ಮೇಡಂ, ಇನ್ನೂ ಮಲಗಿಲ್ಲೇನ್ರೀ?" ಎಂದು ಕೇಳಿದ. ಕೆಲಸ ಇದೆ ಎಂದೆ.


ಕಲಬುರಗಿ
೯ ಏಪ್ರಿಲ್ ೨೦೨೫

ಸರ್, ನಮಸ್ಕಾರ.

ಸಂತೋಷದ ಸುದ್ದಿ. ರಜೆ ಸಿಕ್ಕಿತು. ಮೇ ಮೊದಲೆರಡು ವಾರ ಊರಿನಲ್ಲಿರುತ್ತೇನೆ. ತೀರ್ಥಪ್ರಸಾದನಿಗೆ ನಾನೇ ಫೋನ್ ಮಾಡಿ, ಇನ್ನೊಂದು ತುದಿಯ ವಿಶಲ್ ನನಗೆ ಕೊಡು ಎಂದು ಕೇಳಿದೆ. ಅವನು ಒಪ್ಪಿದ. ನೀವು ಒಪ್ಪುತ್ತೀರಾ ಎನ್ನುವುದೇ ಈಗ ಪ್ರಶ್ನೆ. ನಿಮ್ಮ ಜೊತೆ ಒಂದೇ ಮೈದಾನದಲ್ಲಿ ವಿಶಲ್ ಊದಬೇಕೆಂದು ಬಹಳ ದಿನದಿಂದ ಆಸೆ ಇತ್ತು.

ಬಿಳಿ ಪ್ಯಾಂಟು ನಾನೂ ಹೊಲಿಸುತ್ತೇನೆ. ನನ್ನ ಅಳತೆ ಮಾತ್ರ ಹೋದ ವರ್ಷದ್ದಲ್ಲ.

ತುಳಸಿ


ಮೂರ್ನಾಡು
೧೯ ಏಪ್ರಿಲ್ ೨೦೨೫

ತುಳಸಿಗೆ,

ನಿನ್ನ ಪತ್ರ ಬಂದ ದಿನ ನಾನು ಬೆಳ್ಳಮ್ಮನ ಹತ್ತಿರ ಎರಡು ಸಲ ಕಾಫಿ ಕೇಳಿ ಕುಡಿದೆ. ರಾತ್ರಿ ನಿದ್ದೆ ಬರಲಿಲ್ಲ, ಆದರೆ ಇದು ಬೇರೆ ತರಹದ ನಿದ್ದೆಗೇಡು.

ನೀನು ಬರುವುದರ ಹಿಂದೆ ಏನೋ ಇದೆ ಎಂದು ನನಗೆ ಗೊತ್ತು. ಮೂರು ವರ್ಷ ಬಾರದವಳು ಒಂದೇ ವಾರದಲ್ಲಿ ರಜೆ ತೆಗೆದುಕೊಳ್ಳುವುದೆಂದರೇನು! ಗಂಡು ನೋಡಲು ಬರುತ್ತಿದ್ದೀಯಾ? ಬೆಳ್ಳಮ್ಮ ಹಾಗೇ ಹೇಳುತ್ತಾಳೆ. ಯಾರು, ಎಂತು, ಆಟ ಗೊತ್ತಾ, ಎಲ್ಲವನ್ನೂ ಬಂದು ಹೇಳು. ಬೇರೆ ವಿಷಯ ಇರಲಿಕ್ಕಿಲ್ಲ ಎಂದುಕೊಂಡಿದ್ದೇನೆ.

ಈಗ ಕೆಲಸದ ಮಾತು. ಇಬ್ಬರು ಅಂಪೈರ್‌ಗಳು ಮೈದಾನವನ್ನು ಅರ್ಧ ಅರ್ಧ ಹಂಚಿಕೊಂಡರೂ ತೀರ್ಪು ಒಂದೇ. ನನ್ನ ಅರ್ಧದಲ್ಲಿ ನನಗೆ ಸಂಶಯ ಬಂದರೆ ಎರಡೂ ಕೈ ಎತ್ತುತ್ತೇನೆ. ನಾನು ಕೊಟ್ಟದ್ದು ಸರಿ ಎಂದಾದರೆ ನೀನು ಒಂದು ಕೈ ನೆಟ್ಟಗೆ ಮೇಲೆತ್ತು. ತಪ್ಪು ಎಂದಾದರೆ ಎರಡು ಕೈ ಅಡ್ಡ ಚಾಚು. ತಲೆ ಆಡಿಸುವುದು, ಕಣ್ಣು ಮಿಟುಕಿಸುವುದು ಇದೆಲ್ಲ ಬೇಡ. ಸಿನಿಮಾದಲ್ಲಿ ಮಾಡಲಿ. ಕೈ ದೊಡ್ಡದಾಗಿ ಎತ್ತಬೇಕು, ಗೆರೆಯಾಚೆ ಇರುವವನಿಗೂ ಕಾಣುವ ಹಾಗೆ.

ಇನ್ನೊಂದು. ನನ್ನ ಮುಖ ನೋಡಿ ತೀರ್ಪು ಕೊಡಬೇಡ. ಕಂಡದ್ದು ಕೊಡು. ಬೇರೆಯವರಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನೀನು ಆ ತುದಿಯಲ್ಲಿ ಇರುತ್ತೀ ಎಂದಾದ ಮೇಲೆ ನನಗೆ ಧೈರ್ಯ ಬಂದಿದೆ.

ತಿತಿಮತಿಯವರು ಈ ಸಲ ಜೋರಾಗಿದ್ದಾರಂತೆ. ಚಿನ್ನ ಎಂದು ಒಬ್ಬಳು ಕೀಪರ್, ಎಸ್ಟೇಟಿನಲ್ಲಿ ಕಾಫಿ ಪಿಕ್ಕಿಂಗ್ ಕೆಲಸ, ಎರಡು ಮಕ್ಕಳ ತಾಯಿ. ಗೋಲಿನಲ್ಲಿ ನಿಂತರೆ ನಿನ್ನದೇ ಹಟ ಎಂದು ಕೇಳಿದೆ.

ಬೆಳ್ಯಪ್ಪ


ಕಲಬುರಗಿ
೧೬ ಮೇ ೨೦೨೫

ಸರ್, ನಮಸ್ಕಾರ.

ಸುಖವಾಗಿ ತಲುಪಿದೆ. ಬಸ್ಸಿನಲ್ಲಿ ಕಾಲು ಮಡಚಿ ಕೂತು ಇನ್ನೂ ಮೊಣಕಾಲಿನ ಬಿಗಿತ ಬಿಟ್ಟಿಲ್ಲ. ಬೆಳ್ಳಮ್ಮ ಆಂಟಿ ಕಟ್ಟಿಕೊಟ್ಟದ್ದು ಹಾಸ್ಟೆಲ್ ಬಾಗಿಲು ದಾಟುವ ಮೊದಲೇ ಹುಡುಗಿಯರ ಪಾಲಾಯಿತು.

ಎಂತಹ ರಜೆ ಸರ್! ಅಷ್ಟು ಜನ, ಅಷ್ಟು ಗಲಾಟೆ. ಕೂಸಿಗೆ ಹಾಲು ಕುಡಿಸಿ ಬಂದು ಪೆನಾಲ್ಟಿ ಕಾರ್ನರ್ ಹೊಡೆದವಳ ಬಗ್ಗೆ ಇಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅಮ್ಮ ಕೂಡ ನೆಲ್ಯಹುದಿಕೇರಿಯಿಂದ ಬಂದು ನೆರಳಲ್ಲಿ ಕೂತಿದ್ದಳು. ಮದುವೆಯ ಮಾತು ಎತ್ತಲಿಲ್ಲ. "ನಿಂಗೆ ಆ ಬಿಳಿ ಪ್ಯಾಂಟು ಚೆಂದ ಕಾಣ್ತದೆ" ಎಂದಳು, ಅಷ್ಟೆ.

ಫೈನಲ್ ಬಗ್ಗೆ ತಿತಿಮತಿಯವರು ಏನಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕೊನೆಯ ನಿಮಿಷದ ಗೋಲಿನಲ್ಲಿ ಸೋತವರು ಏನಾದರೊಂದು ಹೇಳಿಯೇ ಹೇಳುತ್ತಾರೆ. ನೀವು ಗೋಲ್ ಕೊಟ್ಟಿರಿ, ಎರಡು ಕೈ ಎತ್ತಿದಿರಿ, ನಾನು ಒಂದು ಕೈ ಎತ್ತಿದೆ, ಮುಗಿಯಿತು. ಮೂರ್ನಾಡು ಗೆದ್ದಿತು. ಚಿನ್ನ ಬಂದು ನಿಮ್ಮ ಮುಂದೆ ಅಷ್ಟು ಕೂಗಾಡಬಾರದಿತ್ತು. ನೀವು ಹಸಿರು ಕಾರ್ಡು ತೋರಿಸಿ ಎಚ್ಚರಿಸಿದ್ದು ಸರಿಯೇ.

ಬಹುಮಾನ ಕೊಡುವಾಗ ನೀವು ಇರಲಿಲ್ಲ. ದಣಿವಾಗಿತ್ತು ಎಂದು ಆಂಟಿ ಹೇಳಿದರು. ಮರುದಿನ ಹೊರಡುವಾಗಲೂ ಮಲಗಿದ್ದಿರಿ, ಎಬ್ಬಿಸಲಿಲ್ಲ.

ಗಂಡು ಗಿಂಡು ಯಾರೂ ಇಲ್ಲ ಸರ್. ಬೆಳ್ಳಮ್ಮ ಆಂಟಿಗೆ ನಿರಾಶೆ ಮಾಡಿದ್ದಕ್ಕೆ ಕ್ಷಮೆ ಇರಲಿ.

ತುಳಸಿ


ಕಲಬುರಗಿ
೩ ಜೂನ್ ೨೦೨೫

ಸರ್,

ಉತ್ತರ ಬರೆಯದಿದ್ದರೆ ಸ್ಟಿಕ್ ಕಿತ್ತುಕೊಳ್ಳುವ ಕಾನೂನು ನಿಮಗೆ ಅನ್ವಯಿಸುವುದಿಲ್ಲವೇ?

ಮಳೆ ಬೇಗ ಹಿಡಿದಿದೆಯಂತೆ, ಅಂಚೆ ತಡವಾಗಿರಬಹುದು. ತೀರ್ಥಪ್ರಸಾದನಿಗೆ ಫೋನ್ ಮಾಡಿದರೆ, "ಮಾಸ್ಟ್ರು ಹೊರಗೆ ಬರೂದೇ ಇಲ್ಲ ಮಾರಾಯ್ತಿ. ಮಳೆ ಅಲ್ವಾ" ಎಂದ. ಮಳೆಗೆ ನೀವು ಎಂದಿನಿಂದ ಹೆದರಲು ಶುರು ಮಾಡಿದಿರಿ?

ಇಲ್ಲಿ ರಾತ್ರಿ ಈಗ ಸ್ವಲ್ಪ ತಂಪು. ಆದರೂ ಮೈದಾನ ಸುತ್ತುವುದು ತಪ್ಪಿಲ್ಲ. ನಿನ್ನೆ ಸುತ್ತುತ್ತಾ ಗೋಲಿನ ಹತ್ತಿರ ಬಂದಾಗ ಯಾಕೋ ಕಾಲಿನಿಂದ ಹಲಗೆಗೆ ಒದ್ದೆ. ಒಳಗಿನಿಂದ ಒಮ್ಮೆ, ಹೊರಗಿನಿಂದ ಒಮ್ಮೆ. ಆಮೇಲೆ ಅಲ್ಲಿ ನಿಲ್ಲಲಾಗಲಿಲ್ಲ, ಓಡಿ ಬಂದೆ. ದೇವರಾಜುವಿಗೆ ನಾನು ದೆವ್ವವೇ ಎಂದು ಈಗ ಖಾತ್ರಿಯಾಗಿರಬೇಕು.

ನಿಮಗೆ ನನ್ನ ಮೇಲೆ ಸಿಟ್ಟಿದ್ದರೆ ಬೈದಾದರೂ ಬರೆಯಿರಿ ಸರ್. ನಾನು ಮಾಡಿದ್ದು ನಿಮಗಾಗಿ ಮಾಡಿದ್ದು. ಇದನ್ನು ಹೊಡೆದು ಹಾಕೋಣ ಎಂದುಕೊಂಡೆ, ಇರಲಿ ಎಂದು ಬಿಟ್ಟಿದ್ದೇನೆ.

ತುಳಸಿ


ಮೂರ್ನಾಡು
೧೪ ಜೂನ್ ೨೦೨೫

ತುಳಸಿಗೆ,

ಈ ಅಕ್ಷರ ಬೆಳ್ಳಮ್ಮನದು, ಹೇಳುತ್ತಿರುವುದು ನಾನು. ಎರಡು ವರ್ಷದಿಂದ ನಿನ್ನ ಪತ್ರಗಳನ್ನು ಓದಿ ಹೇಳುವುದೂ ಅವಳೇ. ಬರೆಯುವುದನ್ನು ಮಾತ್ರ ನಾನೇ ಹಟ ಹಿಡಿದು ಬರೆಯುತ್ತಿದ್ದೆ. ಸಾಲು ಸಾಲಿನ ಮೇಲೆ ಹತ್ತುತ್ತದೆ ಎಂದು ನೀನು ಬರೆದದ್ದನ್ನು ಅರ್ಧ ಓದಿ ಅವಳು ಎದ್ದು ಅಡುಗೆಮನೆಗೆ ಹೋದಳು. (ಹೀಗೆಲ್ಲ ಬರೆಯುವುದಿಲ್ಲ ಎಂದೆ. ಬರಿ ಎಂದರು. ಬೆಳ್ಳಮ್ಮ.)

ಕಣ್ಣಿನ ನಡುವಿನ ಭಾಗ ಹೋಗಿದೆ, ಅಂಚು ಉಳಿದಿದೆ ಎಂದು ಮೈಸೂರಿನ ಡಾಕ್ಟರ್ ಆಗಲೇ ಹೇಳಿದ್ದರು. ನೇರ ನೋಡಿದರೆ ನೀನು ಇಲ್ಲ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಇದ್ದೀಯ. ನಡೆಯಲು ತೊಂದರೆಯಿಲ್ಲ, ಎತ್ತಿದ ಕೈ ಕಾಣುತ್ತದೆ, ಚೆಂಡು ಕಾಣುವುದಿಲ್ಲ. ಊರಿಗೆ ಗೊತ್ತು ಎಂದು ನನಗೂ ಗೊತ್ತಿತ್ತು. ಕಿವಿ ಇದೆಯಲ್ಲ ಎಂದು ಸುಮ್ಮನಿದ್ದೆ. ಅದು ನನ್ನ ತಪ್ಪು, ಅದಕ್ಕೆ ಬೇರೆ ಯಾರನ್ನೂ ದೂರುವುದಿಲ್ಲ.

ಈಗ ಆ ಗೋಲಿಗೆ ಬರುತ್ತೇನೆ. ನಮ್ಮ ಮೂರ್ನಾಡಿನ ನಿತೇಶನ ತಂಗಿ ಹೊಡೆದಳು. ಹಲಗೆಯ ಸದ್ದು ಬಂತು. ಅಭ್ಯಾಸಬಲದಿಂದ ವಿಶಲ್ ಊದಿ, ಗೋಲ್ ಎಂದು ಕೈ ನಡುಗೆರೆಗೆ ತೋರಿಸಿದೆ. ತೋರಿಸುತ್ತಿದ್ದ ಹಾಗೆಯೇ ಆ ಸದ್ದು ತೆಳು ಅನಿಸಿತು. ಚಿನ್ನ ಓಡಿ ಬಂದು, "ಸಾರ್, ಹೊರಗಿಂದ ಬಡ್ದಿದ್ದು ಸಾರ್, ನನ್ ಮಕ್ಕಳಾಣೆ, ಒಳಗೆ ಬರ್ಲೇ ಇಲ್ಲ ಸಾರ್" ಎಂದಳು. ಎರಡು ಕೈ ಎತ್ತಿದೆ. ನೀನು ನಡುಗೆರೆಯವರೆಗೆ ಓಡಿ ಬಂದಿದ್ದೆ, ನಿನ್ನ ಬಿಳಿ ಪ್ಯಾಂಟು ಕಣ್ಣಿನ ಅಂಚಿನಲ್ಲಿ ಕಂಡಿತು. ನೀನು ಅಡ್ಡ ಕೈ ಚಾಚಿದ್ದರೆ ಅಲ್ಲೇ ಗೋಲ್ ರದ್ದು ಮಾಡಿ, ವಿಶಲ್ ನಿನ್ನ ಕೈಗೆ ಕೊಟ್ಟು, ಊರಿನ ಮುಂದೆ ತಲೆ ಎತ್ತಿ ಹೊರಗೆ ನಡೆಯುತ್ತಿದ್ದೆ. ನೀನು ಒಂದು ಕೈ ಎತ್ತಿದೆ. ನಾನು ಅವಳಿಗೆ ಕಾರ್ಡು ತೋರಿಸಿದೆ. ಅವಳು ಗ್ಲೌಸಿನಿಂದ ಮುಖ ಒರೆಸಿಕೊಂಡ ಸದ್ದು ಕೇಳಿದೆ.

ಆ ದಿನದಿಂದ ನನಗೆ ಏನಾಗಿತ್ತು ಗೊತ್ತಾ? ಕಿವಿಯೂ ಹೋಯಿತು ಎಂದುಕೊಂಡೆ. ನಿನ್ನ ಕಣ್ಣಿನ ಮೇಲೆ ನನಗೆ ಅಷ್ಟು ನಂಬಿಕೆ. ನನ್ನ ಕಿವಿ ತೆಳು ಎಂದದ್ದನ್ನು ನಿನ್ನ ಕಣ್ಣು ಗೋಲ್ ಎಂದ ಮೇಲೆ, ಕಿವಿಯೇ ಸುಳ್ಳು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಯಾವ ಪಾತ್ರೆ ಎಂದು ಹೇಳಲು ಹೆದರಿದೆ. ಗೇಟಿನ ಸದ್ದು ಕೇಳಿದರೆ ನಮ್ಮ ಗೇಟೋ ಪಕ್ಕದ್ದೋ ಎಂದು ಬೆಳ್ಳಮ್ಮನನ್ನು ಕೇಳಿದೆ. ಅಂಗಳಕ್ಕೆ ಇಳಿಯುವುದನ್ನು ಬಿಟ್ಟೆ. ಕಣ್ಣು ಹೋದಾಗ ಹೀಗೆ ಆಗಿರಲಿಲ್ಲ ತುಳಸಿ. ರಾತ್ರಿ ಕೂತು ಕೇಳಲಿಕ್ಕೂ ನನಗೆ ಏನೂ ಉಳಿದಿರಲಿಲ್ಲ.

ಮೊನ್ನೆ ನಿನ್ನ ಪತ್ರ ಬಂತು. ಹಲಗೆಗೆ ಒದ್ದು ಓಡಿದೆ ಎಂದು ಬರೆದಿದ್ದೀಯಲ್ಲ, ಅದನ್ನು ಬೆಳ್ಳಮ್ಮನಿಂದ ಮತ್ತೆ ಮತ್ತೆ ಓದಿಸಿದೆ. ಮಳೆ ಬಿಟ್ಟ ಸಮಯ ನೋಡಿ ಮೈದಾನಕ್ಕೆ ಹೋದೆವು. ಹುಲ್ಲು ಕೊಯ್ಯುವ ಪುಟ್ಟನನ್ನು ಕರೆದು, ಚೆಂಡು ಕೊಟ್ಟು, ಒಳಗಿನಿಂದಲೂ ಹೊರಗಿನಿಂದಲೂ ಅವನಿಗೆ ಇಷ್ಟ ಬಂದ ಹಾಗೆ ಹೊಡೆ ಎಂದೆ. ನಾನು ಬೆನ್ನು ತಿರುಗಿಸಿ ನಿಂತೆ. ಧಡ್ ಎಂದರೆ ಒಳಗೆ ಎಂದೆ, ಟಕ್ ಎಂದರೆ ಹೊರಗೆ ಎಂದೆ. "ಮಾಸ್ಟ್ರೇ, ಒಂದೂ ತಪ್ಪಿಲ್ಲವಲ್ಲ!" ಎಂದ ಪುಟ್ಟ. ಅವನು ಸಾಕು ಎಂದರೂ ಬಿಡದೆ ಹೊಡೆಸಿದೆ. ಬೆಳ್ಳಮ್ಮ ಕೊಡೆ ಹಿಡಿದು ಅಲ್ಲಿಯೇ ಅತ್ತಳು.

ಕಿವಿ ಸರಿ ಇದೆ ಎಂದರೆ ನಿನ್ನ ಕೈ ಸರಿ ಇರಲಿಲ್ಲ.

ನನಗೆ ಸಿಟ್ಟು ಬಂದಿದೆ. ಸುಳ್ಳು ಹೇಳಲಿಕ್ಕೆ ಇಲ್ಲ. ನನ್ನ ಮೇಲೆ ಕರುಣೆ ತೋರಿಸಬೇಕೆಂದಿದ್ದರೆ ಮನೆಯಲ್ಲಿ ತೋರಿಸಬೇಕಿತ್ತು, ಮೈದಾನದಲ್ಲಿ ಅಲ್ಲ. ಅಲ್ಲಿ ಇನ್ನೊಬ್ಬಳು ಗೋಲ್‌ಕೀಪರ್ ಇದ್ದಳು. ಅವಳ ಜಾಗದಲ್ಲಿ ನೀನಿದ್ದರೆ ನನ್ನನ್ನು ಬಿಡುತ್ತಿದ್ದೆಯಾ? ಇಷ್ಟಾದರೂ ನಿನ್ನ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ ಎನ್ನುವುದು ಇನ್ನೊಂದು ಸಿಟ್ಟು.

ಬರುವ ತಿಂಗಳ ಮೊದಲ ಭಾನುವಾರ ತಿತಿಮತಿಗೆ ಹೋಗುತ್ತೇನೆ. ಕಪ್ ಏನು ಮಾಡುವುದೆಂದು ಕಮಿಟಿ ನೋಡಿಕೊಳ್ಳಲಿ. ಕಾರ್ಡು ತೋರಿಸಿದ್ದು ನಾನು, ಅದನ್ನು ವಾಪಸು ತೆಗೆದುಕೊಳ್ಳುವುದು ನನ್ನ ಕೆಲಸ. ಆದರೆ ನನ್ನ ಕಿವಿ ಹೇಳಿತು ಎಂದರೆ ಅಲ್ಲಿ ಯಾರು ಒಪ್ಪುತ್ತಾರೆ? ಕಣ್ಣಿನಿಂದ ಕಂಡವರ ಮಾತು ಬೇಕು. ನನಗೂ ಬೇಕು. ನೀನು ಏನು ಕಂಡೆ ಎಂದು ಬರೆ. ಯಾಕೆ ಕೈ ಎತ್ತಿದೆ ಎಂದು ಬೇಡ, ಅದು ನನಗೆ ಗೊತ್ತು.

ಈ ಒಂದು ಪತ್ರವನ್ನು ಬೆಳ್ಳಮ್ಮ ಓದುವುದಿಲ್ಲ. ನಾನೇ ಓದುತ್ತೇನೆ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವಷ್ಟು ದಪ್ಪ ಅಕ್ಷರದಲ್ಲಿ ಬರೆ.

ಬೆಳ್ಯಪ್ಪ


ಕಲಬುರಗಿ
೨೨ ಜೂನ್ ೨೦೨೫

ಬೆಳ್ಳಮ್ಮ ಆಂಟಿ,

ಈ ಸಣ್ಣ ಅಕ್ಷರದ ಚೀಟಿ ನಿಮಗೆ. ಜೊತೆಗಿರುವ ಹಾಳೆಗಳು ಸರ್‌ಗೆ. ಹುಡುಗಿಯರ ಹತ್ತಿರ ಕಪ್ಪು ಮಾರ್ಕರ್ ಪೆನ್ ತೆಗೆದುಕೊಂಡು, ಒಂದು ಹಾಳೆಗೆ ಒಂದೇ ಪದದ ಹಾಗೆ ಬರೆದಿದ್ದೇನೆ. ಸರಿಬಾರದ ಎರಡು ಹಾಳೆ ಹರಿದು ಮತ್ತೆ ಬರೆದೆ. ಕಿಟಕಿಯ ಹತ್ತಿರ ಕೂರಿಸಿ, ಹಗಲಿನಲ್ಲಿ ಕೊಡಿ. ಅವರು ಎಷ್ಟು ಹೊತ್ತು ತೆಗೆದುಕೊಂಡರೂ ನೀವು ಹೇಳಿಕೊಡಬೇಡಿ.

ಆ ಭಾನುವಾರ ತಿತಿಮತಿಗೆ ಹೋಗುವಾಗ ನನ್ನನ್ನು ಬಿಟ್ಟು ಹೋಗಬೇಡಿ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೊರಟರೂ ಬೆಳಿಗ್ಗೆ ಮೈಸೂರು, ಅಲ್ಲಿಂದ ತಿತಿಮತಿಗೆ ನೇರ ಬರುತ್ತೇನೆ. ಚಿನ್ನಳ ಎದುರು ನಾನೇ ನಿಂತು ಹೇಳಬೇಕು. ಅವಳು ಬೈದರೆ ಕೇಳಿಸಿಕೊಳ್ಳುತ್ತೇನೆ.

ತುಳಸಿ


ಸರ್,

ಚೆಂಡು

ಹೊರಗೆ

ಹೋದದ್ದನ್ನು

ಕಂಡೆ.

ಗೋಲ್

ಅಲ್ಲ.